ಹುಳಿ ಬಿಯರ್, ಮುರುಗಲು ಮತ್ತು ಮಾಜಾಳಿ ಗೇಟು

ಪ್ರಶ್ನೆ: ಸರ್, ಹೋದ ತಿಂಗಳು ಗೆಳೆಯರ ಜೊತೆ ಗೋವಾದ ಪಾಲೊಲೆಂಗೆ ಹೋಗಿದ್ದೆ. ಅಲ್ಲಿ ಒಬ್ಬ ತನ್ನ ಗ್ಲಾಸಿನಿಂದ ಎರಡು ಗುಟುಕು ಸಾವರ್ ಬಿಯರ್, ಅಂದರೆ ಹುಳಿ ಬಿಯರ್ ಕುಡಿಸಿದ. ಮೊದಲ ಗುಟುಕಿಗೆ ಬಿಯರ್ ಕೆಟ್ಟಿದೆ ಅಂದುಕೊಂಡೆ. ಎರಡನೆಯದಕ್ಕೆ ಇಷ್ಟವಾಯಿತು. ಈಗ ಕಾರವಾರದ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ನೂರು ಹೆಸರು, ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ನಾನು ಹೊಸಬ, ಜೇಬು ಸಣ್ಣದು. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಕಾರವಾರ

ಉತ್ತರ: ಹೆಸರು ಬೇಡ ಅಂದಿರಿ, ಸರಿ. ವಯಸ್ಸನ್ನೂ ಬರೆದಿಲ್ಲ. 21 ದಾಟಿದೆ ಅಂದುಕೊಂಡೇ ಉತ್ತರಿಸುತ್ತಿದ್ದೇನೆ. ಕರ್ನಾಟಕದಲ್ಲಿ ಅದಕ್ಕಿಂತ ಚಿಕ್ಕವರಿಗೆ ಮಾರುವಂತಿಲ್ಲ.

ಮೊದಲು ನಾನು ಮಾಡಿದ ಪೆದ್ದುತನ ಹೇಳುತ್ತೇನೆ, ನಿಮಗೆ ಅಷ್ಟು ದುಡ್ಡು ಉಳಿಯಲಿ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಬಾರಿನಲ್ಲಿ, ಹುಳಿ ಬಿಯರ್ ಅಂದರೆ ಇದೇ ಅಂತ ಯಾರೋ ಹೇಳಿದ್ದನ್ನು ನಂಬಿ, ಬೆಲ್ಜಿಯಂನ ದುಬಾರಿ ಬಾಟಲಿ ಒಂದನ್ನು ನೇರವಾಗಿ ತರಿಸಿದೆ. ಮುಚ್ಚಳ ತೆಗೆದರೆ ನಮ್ಮೂರ ಕೊಟ್ಟಿಗೆಯದೇ ವಾಸನೆ. ಬಿಯರ್ ಕೆಟ್ಟಿರಲಿಲ್ಲ. ಬ್ರೆಟಾನೊಮೈಸಿಸ್ ಅನ್ನುವ ಒಂದು ಯೀಸ್ಟ್ ಇದೆ, ಅದರ ವಾಸನೆಯೇ ಹಾಗೆ. ಗೊತ್ತಿದ್ದವರು ಅದಕ್ಕೇ ದುಡ್ಡು ಕೊಡುತ್ತಾರೆ. ನಾನು ಅರ್ಧ ಕುಡಿದು ಅರ್ಧ ಬಿಟ್ಟು ಬಂದೆ. ಆಮೇಲೆ ಎರಡು ವರ್ಷ ಹುಳಿ ಬಿಯರ್ ಹೆಸರು ಎತ್ತಲಿಲ್ಲ.

ಬೆಲೆ ಯಾಕೆ ಹೀಗೆ ಏರುಪೇರು ಅಂತ ತಿಳಿದರೆ ಅರ್ಧ ಸಮಸ್ಯೆ ಮುಗಿಯಿತು. ಹುಳಿ ಬರಿಸುವ ದಾರಿ ಮುಖ್ಯವಾಗಿ ಎರಡು. ಒಂದು, ಮೊಸರಿಗೆ ಹೆಪ್ಪು ಹಾಕುವ ದಾರಿ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸವನ್ನು ದೊಡ್ಡ ಹಂಡೆಯಲ್ಲಿ ಬೆಚ್ಚಗಿಟ್ಟು ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಬಿಡುತ್ತಾರೆ. ಒಂದೆರಡು ದಿನದಲ್ಲಿ ಬೇಕಾದಷ್ಟು ಹುಳಿಯಾಗುತ್ತದೆ. ಆಮೇಲೆ ಕುದಿಸಿ ಆ ಬ್ಯಾಕ್ಟೀರಿಯಾ ಸಾಯಿಸಿ, ಯೀಸ್ಟ್ ಹಾಕಿ, ಮಾಮೂಲಿ ಬಿಯರಿನ ಹಾಗೆ ಮುಗಿಸುತ್ತಾರೆ. ಇದಕ್ಕೆ ಕೆಟಲ್ ಸಾವರ್ ಅನ್ನುತ್ತಾರೆ. ಕೆಲವೇ ವಾರದ ಕೆಲಸ, ಹಾಗಾಗಿ ಕೈಗೆಟುಕುವ ಬೆಲೆ.

ಇನ್ನೊಂದು ಕಾಯುವ ದಾರಿ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಮಾಡುವವರು ಚಳಿಗಾಲದಲ್ಲಿ ಮಾತ್ರ ಬಿಯರ್ ಕುದಿಸುತ್ತಾರೆ. ಬಿಸಿ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಯೀಸ್ಟು, ಬ್ಯಾಕ್ಟೀರಿಯಾ ಎಲ್ಲ ಗಾಳಿಯಿಂದಲೇ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಮರದ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ. ಬ್ರಸೆಲ್ಸಿನ ಕ್ಯಾಂಟಿಯೋನ್ ಅನ್ನುವ ಮನೆತನದ ಬ್ರೂವರಿ 1900ರಿಂದ ಈ ಹಳೇ ಕ್ರಮವನ್ನು ಹಿಡಿದುಕೊಂಡು ಕೂತಿದೆ. ಮೂರು ವರ್ಷ ಪೀಪಾಯಿ ಕಾದವನು ಬೆಲೆ ಹಾಕದೆ ಇರುತ್ತಾನಾ? ಅದರ ಮೇಲೆ ನಮ್ಮಲ್ಲಿ ಆಮದು ಸುಂಕ ಬೇರೆ.

ಆದ್ದರಿಂದ ನೀವು ಮೊದಲು ಹೆಪ್ಪಿನ ದಾರಿಯದನ್ನು ಕೇಳಿ. ಎರಡು ಹೆಸರು ಸಾಕು.

ಮೊದಲನೆಯದು ಗೋಜ. ಜರ್ಮನಿಯ ಗೋಸ್ಲಾರ್ ಊರಿನದು, ಹೆಸರು ಮಾಡಿದ್ದು ಲೈಪ್‌ಜಿಗ್‌ನಲ್ಲಿ. ಗೋಧಿ ಮಾಲ್ಟಿನ ಬಿಯರಿಗೆ ಉಪ್ಪು ಮತ್ತು ಕೊತ್ತಂಬರಿ ಬೀಜ ಬೀಳುತ್ತದೆ. ಹೌದು, ನಮ್ಮ ಕೊತ್ತಂಬರಿ ಬೀಜವೇ! 1966ರಲ್ಲಿ ಇದನ್ನು ಮಾಡುವ ಕೊನೆಯ ಬ್ರೂವರಿಯೂ ಮುಚ್ಚಿ, 1980ರ ದಶಕದಲ್ಲಿ ಮತ್ತೆ ಜೀವ ಬಂತು. ಆಲ್ಕೋಹಾಲ್ ಶೇಕಡಾ 4–5ರ ಆಸುಪಾಸು. ಹುಳಿ, ಉಪ್ಪು, ತಣ್ಣಗೆ. ಮುರುಗಲ ಸೋಲ್ ಕಡಿ ಕುಡಿದು ಬೆಳೆದ ಕಾರವಾರದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ ಅಲ್ವಾ? ಬಂಗಡೆ ರವಾ ಫ್ರೈ ಪಕ್ಕದಲ್ಲಿದ್ದರೆ ಮಾತೇ ಬೇಡ. ತಿಸ್ರೆ ಸುಕ್ಕದ ಜೊತೆಗೂ ಚೆನ್ನ, ಆದರೆ ನನ್ನ ಓಟು ಬಂಗಡೆಗೆ. ಮೀನಿನ ಎಣ್ಣೆ ಜಿಡ್ಡನ್ನು ಹುಳಿ ಕತ್ತರಿಸಿ ಹಾಕುತ್ತದೆ.

ಎರಡನೆಯದು ಬರ್ಲಿನರ್ ವೈಸೆ. ಇನ್ನೂ ಹಗುರ, ಶೇಕಡಾ 3ರ ಸುಮಾರು. ಬರ್ಲಿನ್ನಿನವರೇ ಇದರ ಹುಳಿ ತಡೆಯಲಾರದೆ ರಾಸ್‌ಬೆರಿ ಸಿರಪ್ ಬೆರೆಸಿ ಕುಡಿಯುತ್ತಾರೆ. ನಾಚಿಕೆ ಪಡುವುದೇನಿಲ್ಲ.

ಒಂದು ಎಚ್ಚರ. ಗೋಜ ಬೇರೆ, ಗೂಜ್ ಬೇರೆ. ಗೂಜ್ ಅಂದರೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಮಾಡಿದ್ದು. ಮೆನು ಕಾರ್ಡಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬಿಲ್ಲಿನಲ್ಲಿ ಮಾತ್ರ ಕಾಣುವುದಿಲ್ಲ. ನಾನು ಬಿದ್ದ ಹೊಂಡ ಇದೇ.

ಇನ್ನು ಎಲ್ಲಿ ಸಿಗುತ್ತದೆ. ನಾನು ನೋಡಿದ ಕಾರವಾರ, ಅಂಕೋಲೆ, ಕುಮಟೆಯ ವೈನ್ ಶಾಪ್‌ಗಳಲ್ಲಿ ಲಾಗರ್ ಮತ್ತು ಸ್ಟ್ರಾಂಗ್ ಬಿಟ್ಟರೆ ಬೇರೆ ಕಂಡಿಲ್ಲ, ಸುಮ್ನೆ ಕಾಲು ಸವೆಸಬೇಡಿ. ನಿಮಗೆ ಹತ್ತಿರ ಅಂದರೆ ಗೋವಾವೇ. ಕಾರವಾರದಿಂದ ಪಾಲೊಲೆಂ ಸುಮಾರು 40 ಕಿ.ಮೀ. ಅಲ್ಲಿ ಬಾಟಲಿ ಅಂಗಡಿಗಿಂತ ಟ್ಯಾಪ್, ಅಂದರೆ ನಲ್ಲಿಯಿಂದ ಬಿಯರ್ ಹಿಡಿದು ಕೊಡುವ ಜಾಗ ಹುಡುಕಿ. ಕೂತ ಕೂಡಲೇ "ಟ್ಯಾಪ್‌ನಲ್ಲಿ ಹುಳಿ ಏನಿದೆ, ರುಚಿ ನೋಡಲು ಸ್ವಲ್ಪ ಕೊಡ್ತೀರಾ" ಅಂತ ಕೇಳಿ. ಹೆಚ್ಚಿನ ಕಡೆ ಒಂದು ಗುಟುಕು ಕೊಡುತ್ತಾರೆ. ಸಣ್ಣ ಸಣ್ಣ ಗ್ಲಾಸಿನ ಸ್ಯಾಂಪ್ಲರ್ ಟ್ರೇ ಇದ್ದರೆ ಮೂವರು ಸೇರಿ ಒಂದು ತೆಗೆದುಕೊಳ್ಳಿ. ಹೊಸಬರಿಗೆ ಇದಕ್ಕಿಂತ ಅಗ್ಗದ ಪಾಠ ಇಲ್ಲ. ಮುರುಗಲು ಹಾಕಿದ ಗೋಜವೂ ಆಗಾಗ ಬರುತ್ತದೆ, ಬೋರ್ಡಿನಲ್ಲಿ ಕೋಕಂ ಅಂತಿರುತ್ತದೆ. ಕಂಡರೆ ಬಿಡಬೇಡಿ.

ಆದರೆ ಖುಷಿಯಲ್ಲಿ ನಾಲ್ಕು ಕ್ಯಾನ್ ಬ್ಯಾಗಿಗೆ ತುಂಬಿಕೊಂಡು ಬರಬೇಡಿ. ಗೋವಾದ ಮದ್ಯವನ್ನು ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಪರಾಧ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಸ್ಸಿನ ಸೀಟಿನ ಕೆಳಗೂ ಕೈ ಹಾಕಿ ನೋಡುತ್ತಾರೆ, ಕಾರವಾರದವರಿಗೆ ನಾನು ಹೇಳಬೇಕಾ? ಕುಡಿಯುವುದನ್ನು ಅಲ್ಲೇ ಮುಗಿಸಿ. ಬೈಕ್ ಬೇಡ. ಪಾಲೊಲೆಂ ಪಕ್ಕದ ಕಾಣಕೋಣದಲ್ಲಿ ರೈಲು ಹತ್ತಿದರೆ ಕಾರವಾರ ಹತ್ತಿರ.

ಬೆಂಗಳೂರಿಗೆ ಹೋಗುವ ಕೆಲಸ ಇದ್ದೇ ಇದೆ ಅಂದರೆ ಪಂಚಗಂಗಾ ರೈಲು ಹತ್ತುವ ಮೊದಲು ನಾಲ್ಕು ಮೈಕ್ರೋಬ್ರೂವರಿಗೆ (ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಕೊಡುವ ಜಾಗ) ಫೋನ್ ಮಾಡಿ ಕೇಳಿ. ಇಂದಿರಾನಗರದ ಟಾಯ್ಟ್ 2010ರಲ್ಲಿ ಶುರುವಾಯಿತು, ಆಮೇಲೆ ಆ ಊರಿನಲ್ಲಿ ಇಂಥ ಜಾಗ ಜಾಸ್ತಿಯಾಗಿವೆ. ಆದರೆ ಹುಳಿ ಬಿಯರನ್ನು ವರ್ಷವಿಡೀ ಇಡುವವರು ಕಡಿಮೆ, ಸೀಸನ್ನಿಗೆ ಒಮ್ಮೆ ಬಂದು ಖಾಲಿಯಾಗುತ್ತದೆ. ಅದಕ್ಕೇ ಫೋನ್ ಮಾಡಿ ಅಂದೆ.

ನಿಮ್ಮ ಕಡೆ ಹಡಗಿನಲ್ಲಿ ಕೆಲಸ ಮಾಡುವವರು ಮನೆಗೊಬ್ಬರು ಇರುತ್ತಾರಲ್ಲ, ಯಾರಾದರೂ ಆಂಟ್‌ವರ್ಪ್ ಕಡೆ ಹೋದರೆ ರೋಡೆನ್‌ಬಾಕ್ ಕ್ಲಾಸಿಕ್ ಕುಡಿದು ಬರಲು ಹೇಳಿ. ಓಕ್ ಪೀಪಾಯಿಯಲ್ಲಿ ಎರಡು ವರ್ಷ ಇಟ್ಟ ಬಿಯರ್ ಕಾಲು ಭಾಗ, ಹೊಸದು ಮುಕ್ಕಾಲು ಭಾಗ ಬೆರೆಸಿದ ಕೆಂಪು ಬಿಯರ್. ಸಿಹಿಯೂ ಇದೆ, ಹುಳಿಯೂ ಇದೆ. ಬೆಲ್ಜಿಯಂನಲ್ಲಿ ಅದು ಮಾಮೂಲಿ ಅಂಗಡಿಯ ಮಾಲು, ಇಲ್ಲಿಗೆ ಬಂದರೆ ಮಾತ್ರ ಸಾಹೇಬ.

ಅಲ್ಲಿಯವರೆಗೆ ನಾಲಿಗೆ ಪಳಗಿಸಲು ಒಂದು ಉಪಾಯ. ಸಿಗುವ ಯಾವುದಾದರೂ ಗೋಧಿ ಬಿಯರ್ ತನ್ನಿ. ಗ್ಲಾಸಿನ ತಳಕ್ಕೆ ಸಕ್ಕರೆ ಹಾಕದ ಮುರುಗಲ ರಸ ಒಂದು ದೊಡ್ಡ ಚಮಚ, ಅದರಲ್ಲೇ ಒಂದು ಚಿಟಿಕೆ ಉಪ್ಪು ಕರಗಿಸಿ, ಮೇಲೆ ನಿಧಾನಕ್ಕೆ ಬಿಯರ್ ಸುರಿಯಿರಿ. ಉಪ್ಪನ್ನು ಆಮೇಲೆ ಉದುರಿಸಿದರೆ ನೊರೆ ಉಕ್ಕಿ ಮೇಜೆಲ್ಲ ಹರಿಯುತ್ತದೆ. ಇದು ನಿಜವಾದ ಹುಳಿ ಬಿಯರ್ ಅಲ್ಲ, ಶುದ್ಧದವರು ಕೇಳಿದರೆ ಬೈಯುತ್ತಾರೆ. ಆದರೆ ಬರ್ಲಿನ್ನಿನವರು ಹುಳಿ ಜಾಸ್ತಿಯಾಯಿತು ಅಂತ ಸಿಹಿ ಬೆರೆಸುತ್ತಾರೆ, ನಾವು ಹುಳಿ ಸಾಲದು ಅಂತ ಮುರುಗಲು ಬೆರೆಸಿದರೆ ತಪ್ಪೇನು? ಖಾಲಿ ಹೊಟ್ಟೆಯಲ್ಲಿ ಮಾತ್ರ ಬೇಡ. ಎದೆ ಉರಿ ಇರುವವರು ಈ ಇಡೀ ಉತ್ತರವನ್ನೇ ಮರೆತುಬಿಡಿ.

ಪ್ರಶ್ನೆ: ನಮ್ಮ ಮನೆಯವರು ಕಿಟಕಿ ಪಕ್ಕ ಇಟ್ಟಿದ್ದ ಹಸಿರು ಬಾಟಲಿ ಬಿಯರ್ ತೆಗೆದರೆ ನಾರುತ್ತಿತ್ತು. ಚೆಲ್ಲಿ ಅಂದರೆ "ಇದು ಸಾವರ್ ಬಿಯರ್, ನಿನಗೆ ಗೊತ್ತಿಲ್ಲ" ಅನ್ನುತ್ತಾರೆ. ಹೌದಾ?
— ಒಬ್ಬ ಓದುಗರು, ಶಿರಸಿ

ಉತ್ತರ: ಅಲ್ಲ, ಅಕ್ಕಾ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಮೇಲೆ ಬೆಳಕು ಬಿದ್ದರೆ ಅದು ಹಾಗೆ ನಾರುತ್ತದೆ. ಹಸಿರು ಮತ್ತು ಬಿಳಿ ಬಾಟಲಿ ಬೆಳಕನ್ನು ತಡೆಯುವುದಿಲ್ಲ, ಕಂದು ಬಾಟಲಿ ಚೆನ್ನಾಗಿ ತಡೆಯುತ್ತದೆ, ಕ್ಯಾನಿಗೆ ಆ ಚಿಂತೆಯೇ ಇಲ್ಲ. ನಾರುವುದು ಬೇರೆ, ಹುಳಿ ಬೇರೆ. ಅಪ್ಪೆಹುಳಿ ಮಾಡುವ ಊರಿನವರಿಗೆ ಇದು ಮೂಗಿಗೇ ಗೊತ್ತಾಗಬೇಕಿತ್ತು. ಚೆಲ್ಲಿಸಿಬಿಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಮನೆಯಲ್ಲೇ ಹುಳಿ ಬಿಯರ್ ಮಾಡಿಕೊಳ್ಳಬಹುದಲ್ಲ?
— ಕುಮಟಾದಿಂದ ಒಬ್ಬರು

ಉತ್ತರ: ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಕೈ ಸುಮ್ಮನಿರದಿದ್ದರೆ ಅದೇ ಮುರುಗಲ ರಸಕ್ಕೆ ಉಪ್ಪು, ಜೀರಿಗೆ ಪುಡಿ, ತಣ್ಣಗಿನ ಸೋಡಾ ಹಾಕಿ. ಅದಕ್ಕೆ ಅಬಕಾರಿಯವರು ಬರುವುದಿಲ್ಲ, ಬಂದರೂ ಒಂದು ಗ್ಲಾಸ್ ಕೊಡಬಹುದು.