ಯುರೋಪಿಯನ್ ರೂಲೆಟ್‌ನಲ್ಲಿ ಕೆಂಪಿಗೆ ಕಟ್ಟಿದರೂ ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ ಏಕೆ?

ಹಸಿರು ಬಣ್ಣದ ಒಂದೇ ಒಂದು ಸೊನ್ನೆಯಿಂದ. ರೂಲೆಟ್ ಎಂದರೆ ತಿರುಗುವ ಚಕ್ರದ ಯಾವ ಮನೆಯಲ್ಲಿ ಗೋಲಿ ನಿಲ್ಲುತ್ತದೆಂದು ಹಣ ಕಟ್ಟುವ ಕ್ಯಾಸಿನೊ ಜೂಜು. ಚಕ್ರದಲ್ಲಿ 18 ಕೆಂಪು, 18 ಕಪ್ಪು, ಜೊತೆಗೆ ಈ ಸೊನ್ನೆ: ಒಟ್ಟು 37 ಮನೆ. ಹಾಗಾಗಿ ಕೆಂಪು ಬರುವ ಸಾಧ್ಯತೆ 37ರಲ್ಲಿ 18, ಅಂದರೆ ಸುಮಾರು ಶೇ 48.6.

ಹಣ ಕೊಡುವಾಗ ಮಾತ್ರ ಕ್ಯಾಸಿನೊ ಸೊನ್ನೆ ಇಲ್ಲವೇ ಇಲ್ಲವೆಂಬಂತೆ ಲೆಕ್ಕ ಹಾಕುತ್ತದೆ. ಒಂಟಿ ಸಂಖ್ಯೆಗೆ ಸಿಗುವುದು 35 ಪಟ್ಟು ಲಾಭ, ಮೇಲೆ ಕಟ್ಟಿದ ಹಣ ವಾಪಸ್. ಎಲ್ಲ 37 ಮನೆಗಳಿಗೂ ತಲಾ 10 ಯೂರೊ ಇಟ್ಟು ನೋಡಿ: ಹಾಕಿದ್ದು 370, ಕೈಗೆ ಬರುವುದು 360. ಉಳಿದ ಹತ್ತು, ಶೇ 2.7, ಕ್ಯಾಸಿನೊದ ಪಾಲು. ಸಂಖ್ಯೆಗೆ ಕಟ್ಟಿ, ಬಣ್ಣಕ್ಕೆ ಕಟ್ಟಿ, ಸರಾಸರಿ ಕಡಿತ ಇಷ್ಟೇ.

ಐದು ಸಲ ಕಪ್ಪು ಬಂತೆಂದು ಕೆಂಪಿಗೆ ಹಣ ಸುರಿಯುವವರಿದ್ದಾರೆ. ಪಾಪ, ಗೋಲಿಗೆ ನೆನಪೆಲ್ಲಿದೆ? ಅಮೆರಿಕದ ಚಕ್ರದಲ್ಲಿ ಸಾಮಾನ್ಯವಾಗಿ ಎರಡು ಸೊನ್ನೆ, ಕಡಿತ ಶೇ 5.26.