ಸಂಪಾದಕರ ಉತ್ತರ: ಹಿತ್ತಾಳೆಯ ಹಳೇ ಪಟ್ಟರ್

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇವೆ. ಪಟ್ಟರ್ ಎಂದರೆ ಗಾಲ್ಫಿನಲ್ಲಿ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವ ಕೋಲು (ಕ್ಲಬ್).

“ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಗೆಳೆಯರ ಜೊತೆ ಗಾಲ್ಫ್ ಕಲಿತೆ. ಈಗ ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಇಲ್ಲಿ ಆಡಲು ಗಾಲ್ಫ್ ಮೈದಾನವಿಲ್ಲ. ಈಚೆಗೆ ಬೆಂಗಳೂರಿಗೆ ಹೋದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಹಿತ್ತಾಳೆ ಪಟ್ಟರ್ ಸಿಕ್ಕಿತು. ‘ಬುಲ್ಸ್ ಐ’ ಎಂದು ಬರೆದಿದೆ. ಒಂದೂವರೆ ಸಾವಿರ ಕೊಟ್ಟು ತಂದೆ. ನಮ್ಮ ಮನೆಯವರು ಗುಜರಿಗೆ ಹಾಕಿ ಅನ್ನುತ್ತಾರೆ. ಅಳಿಯಂದಿರು ಹೊಸದು ತಗೊಳ್ಳಿ ಮಾವ, ಈಗ ಏನೇನೋ ಟೆಕ್ನಾಲಜಿ ಬಂದಿದೆ ಅನ್ನುತ್ತಾರೆ. ಆದರೆ ಕೈಗೆ ತಗೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಇದು ಬರೀ ಹಳೇದರ ಹುಚ್ಚಾ? ಇದರಲ್ಲಿ ನಿಜವಾಗಿ ಆಡಬಹುದಾ? ಹುಣಸೆಹಣ್ಣು ಹಾಕಿ ತಿಕ್ಕಲಾ? ಹತ್ತು ವರ್ಷದ ಮೊಮ್ಮಗನಿಗೆ ಇದನ್ನೇ ಕತ್ತರಿಸಿ ಗಿಡ್ಡ ಮಾಡಿಸಬಹುದಾ?”

ನಮಸ್ಕಾರ ಸರ್. ಮೊದಲ ಮಾತು, ಅದನ್ನು ಗುಜರಿಗೆ ಹಾಕಬೇಡಿ. ಎರಡನೆಯದು, ಶೋಕೇಸಿನಲ್ಲೂ ಇಡಬೇಡಿ. ಆಡಿ.

ಹಳೇದೆಲ್ಲ ಚೆನ್ನ ಎಂದು ನಾನು ಹೇಳುತ್ತಿಲ್ಲ. ದೂರ ಹೊಡೆಯಲು ಬಳಸುವ ಹಳೇ ಮರದ ಡ್ರೈವರ್ ಹಿಡಿದು ಇವತ್ತಿನ ಟೈಟಾನಿಯಂ ಡ್ರೈವರ್ ಎದುರು ನಿಂತರೆ ಚೆಂಡು ಎಷ್ಟೋ ಹಿಂದೆ ಬೀಳುತ್ತದೆ. ಐರನ್‌ಗಳಲ್ಲೂ ಹಳೆಯದಕ್ಕೂ ಹೊಸದಕ್ಕೂ ಅಂತರ ಇದೆ. ಆ ಕ್ಲಬ್‌ಗಳಿಗೆಲ್ಲ ಶಕ್ತಿಯನ್ನು ದೂರವಾಗಿ ಬದಲಿಸುವ ಕೆಲಸ. ಅಲ್ಲಿ ಲೋಹ, ಗಾತ್ರ, ಹೆಡ್ಡಿನ (ಚೆಂಡಿಗೆ ತಾಗುವ ತುದಿಭಾಗದ) ಮುಖದ ತೆಳುವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪಟ್ಟರ್‌ಗೆ ಆ ಕೆಲಸವೇ ಇಲ್ಲ. ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಮೇಲೆ, ಚೆಂಡನ್ನು ನೆಲದಲ್ಲೇ ಉರುಳಿಸಿ ಕುಳಿಗೆ ಸೇರಿಸಬೇಕು, ಅಷ್ಟೇ. ಅದಕ್ಕೆ ಬೇಕಾದ ಬಲ ನಿಮ್ಮ ಮೊಮ್ಮಗನಿಗೂ ಇದೆ. ಹಾಗಾಗಿ ಚೀಲದಲ್ಲಿರುವ 14 ಕ್ಲಬ್‌ಗಳಲ್ಲಿ ಐವತ್ತು ವರ್ಷ ಹಳೆಯದಾದರೂ ಹೊಸದರ ಸಮಕ್ಕೆ ನಿಲ್ಲಬಲ್ಲದ್ದು ಇದೊಂದೇ.

ಹಾಗಂತ ಅದು ಸಣ್ಣ ಕೆಲಸ ಅಲ್ಲ. ಪಾರ್ 72ರ, ಅಂದರೆ 18 ಕುಳಿಗೆ ಒಟ್ಟು 72 ಹೊಡೆತ ಎಂದು ನಿಗದಿಯಾದ ಮೈದಾನದಲ್ಲಿ ಒಂದೊಂದು ಕುಳಿಗೆ ಎರಡೆರಡು ಪಟ್ (ಪಟ್ಟರ್ ಹೊಡೆತ) ಎಂದು ಹಿಡಿದೇ ಪಾರ್ ಲೆಕ್ಕ ಹಾಕುತ್ತಾರೆ. ಅಂದರೆ 36 ಹೊಡೆತ, ಸರಿಯಾಗಿ ಅರ್ಧ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದು ನಿಮಗೆ ನೆನಪಿರಬೇಕು. ದೂರ ಹೊಡೆಯುವುದರಲ್ಲಿ ಆಕೆ ಎದುರಾಳಿಗಳಿಗಿಂತ ಎಷ್ಟೋ ಹಿಂದೆ ಇದ್ದರು. ಪಟ್ಟಿಂಗ್ ಬಲದಿಂದಲೇ ಕೊನೆಯ ದಿನದವರೆಗೂ ಪದಕದ ಹತ್ತಿರ ಉಳಿದು ನಾಲ್ಕನೆಯವರಾದರು. ಕಂಚು ಒಂದೇ ಒಂದು ಹೊಡೆತದಲ್ಲಿ ತಪ್ಪಿತು. ಗಾಲ್ಫ್ ಗೊತ್ತಿಲ್ಲದ ಎಷ್ಟೋ ಜನ ಅವತ್ತು ಬೆಳಗ್ಗೆ ಟಿವಿ ಮುಂದೆ ಕೂತು ನೋಡಿದ್ದು ಮುಖ್ಯವಾಗಿ ಒಂದು ಪಟ್ಟರ್‌ನ ಆಟವನ್ನೇ.

ಇನ್ನು ನಿಮ್ಮ ಅಳಿಯಂದಿರ ಟೆಕ್ನಾಲಜಿ ಮಾತು. ಪಟ್ಟರ್‌ಗೆ ನಿಜವಾಗಿಯೂ ದೊಡ್ಡ ಬದಲಾವಣೆ ತಂದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಬೂಟು ರಿಪೇರಿ ಕಲಿತು, ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆದರು. ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದರು. ಪಟ್ ಹೊಡೆಯಲು ಬರುತ್ತಿರಲಿಲ್ಲ. ಆಗಿನ ಪಟ್ಟರ್‌ಗಳು ಬರೀ ತೆಳ್ಳಗಿನ ಪಟ್ಟಿ. ಚೆಂಡು ನಡುವೆ ತಾಗದೆ ಸ್ವಲ್ಪ ಪಕ್ಕಕ್ಕೆ ತಾಗಿದರೂ ಹೆಡ್ ತಿರುಗಿಬಿಡುತ್ತಿತ್ತು. ಇದನ್ನು ಎಂಜಿನಿಯರ್ ಕಣ್ಣಿನಿಂದ ನೋಡಿದ ಸೋಲ್ಹೈಮ್ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಹಂಚಿದರು. ಹೆಗಲ ಮೇಲೆ ಅಡ್ಡೆ ಹೊತ್ತು ಎರಡೂ ಕಡೆ ಕೊಡ ತೂಗುಹಾಕಿಕೊಂಡವನನ್ನು ಪಕ್ಕಕ್ಕೆ ತಿರುಗಿಸಿ ನೋಡಿ, ಸುಲಭಕ್ಕೆ ತಿರುಗುವುದಿಲ್ಲ. ಅದೇ ತತ್ವ. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಮಾಡಿದ ಮೊದಲ ಪಟ್ಟರ್ ಚೆಂಡಿಗೆ ತಾಗಿದಾಗ ‘ಪಿಂಗ್’ ಎಂದು ಸದ್ದು ಮಾಡಿತು. ಕಂಪನಿಗೂ ಅದೇ ಹೆಸರಾಯಿತು. 1966ರಲ್ಲಿ ಅವರ ‘ಆನ್ಸರ್’ ಪಟ್ಟರ್ ಬಂತು. 1969ರಲ್ಲಿ ಜಾರ್ಜ್ ಆರ್ಚರ್ ಅದನ್ನೇ ಹಿಡಿದು ಅಮೆರಿಕದ ದೊಡ್ಡ ಟೂರ್ನಿ ಮಾಸ್ಟರ್ಸ್ ಗೆದ್ದರು.

ಈಗ ಇದನ್ನು ಗಮನಿಸಿ. ಗಾಲ್ಫಿನ ಅತಿ ದೊಡ್ಡ ನಾಲ್ಕು ಟೂರ್ನಿಗಳಿಗೆ ಮೇಜರ್ ಅನ್ನುತ್ತಾರೆ, ಮಾಸ್ಟರ್ಸ್ ಅದರಲ್ಲೊಂದು. ಟೈಗರ್ ವುಡ್ಸ್ ಗೆದ್ದ 15 ಮೇಜರ್‌ಗಳಲ್ಲಿ 14ನ್ನು ಒಂದೇ ಪಟ್ಟರ್‌ನಲ್ಲಿ ಗೆದ್ದರು. ಪಟ್ಟರ್ ತಯಾರಕ ಸ್ಕಾಟಿ ಕ್ಯಾಮೆರಾನ್ ಮಾಡಿದ ನ್ಯೂಪೋರ್ಟ್ 2 ಅದು. 1999ರಲ್ಲಿ ಕೈಗೆ ಬಂದದ್ದು 2019ರ ಮಾಸ್ಟರ್ಸ್‌ನಲ್ಲೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ಅವರ ಡ್ರೈವರ್, ಐರನ್, ಚೆಂಡು ಎಲ್ಲವೂ ಎಷ್ಟೋ ಸಲ ಬದಲಾಗಿದ್ದವು. ಆ ನ್ಯೂಪೋರ್ಟ್‌ನ ಆಕಾರವಾದರೂ ಎಲ್ಲಿಂದ ಬಂತು? ಸೋಲ್ಹೈಮ್ ಅವರ ಆನ್ಸರ್‌ನಿಂದಲೇ. ಇವತ್ತು ಹೊಸ ಅಂಗಡಿಗೆ ಹೋಗಿ ಮೂವತ್ತು ನಲವತ್ತು ಸಾವಿರ ಕೊಟ್ಟು ತರುವ ಎಷ್ಟೋ ಪಟ್ಟರ್‌ಗಳ ಆಕಾರ 1966ರದ್ದೇ. ಅದೇ ಆಕಾರದ ಹಳೇ ಪಟ್ಟರ್ ನಾಲ್ಕೈದು ಸಾವಿರಕ್ಕೆ ಸಿಕ್ಕರೆ ಬಿಡುವುದು ಯಾಕೆ?

ನಿಮ್ಮ ಬುಲ್ಸ್ ಐ ಇದಕ್ಕಿಂತಲೂ ಹಿಂದಿನ ತಲೆಮಾರಿನ ವಿನ್ಯಾಸ. ಜಾನ್ ರಾಯಿಟರ್ ಎಂಬ ಅಮೆರಿಕನ್ನರು 1940ರ ದಶಕದಲ್ಲಿ ಮಾಡಿದ್ದು, ಆಮೇಲೆ ಅಕುಶ್ನೆಟ್ ಕಂಪನಿ ತಗೊಂಡಿತು. ಮೆತ್ತನೆಯ ಹಿತ್ತಾಳೆ, ತೆಳು ಹೆಡ್. ತುದಿಗೆ ತೂಕ ಹಂಚಿಲ್ಲ. ಹಾಗಾಗಿ ಇದು ಕ್ಷಮಿಸುವ ಪಟ್ಟರ್ ಅಲ್ಲ. ನಡುವೆ ತಾಗಿದರೆ ಚೆಂಡು ಹಗುರವಾಗಿ, ನೇರವಾಗಿ ಉರುಳುತ್ತದೆ. ಬೆರಳಗಲ ಆಚೀಚೆ ಆದರೆ ಅಂಗೈಗೆ ಜುಮ್ ಎಂದು ಗೊತ್ತಾಗುತ್ತದೆ, ಚೆಂಡು ಕುಳಿಯವರೆಗೆ ಹೋಗುವುದಿಲ್ಲ.

ನಿಮಗೆ ಅದನ್ನು ಕೆಳಗಿಡಲು ಮನಸ್ಸಾಗದಿರುವುದಕ್ಕೆ ಇದೇ ಕಾರಣ ಅಂತ ನನಗನ್ನಿಸುತ್ತದೆ. ಪಟ್ಟರ್ ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ ಹೊತ್ತು. ಕೈಗೆ ಗೊತ್ತಾಗುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ. ನಾವು ‘ಕೈಗೆ ಹಿತವಾಯಿತು’ ಅನ್ನುವುದರಲ್ಲಿ ಕಿವಿಯ ಪಾಲು ಜಾಸ್ತಿ. ಹೊಸ ಪಟ್ಟರ್‌ಗಳಲ್ಲಿ ಎಷ್ಟೋ ಸಲ ಮುಖಕ್ಕೆ ಪ್ಲಾಸ್ಟಿಕ್ಕಿನಂಥ ಮೆತ್ತನೆ ತುಂಡು ಕೂರಿಸಿ ಸದ್ದು ಅಡಗಿಸಿರುತ್ತಾರೆ. ಚೆನ್ನಾಗಿ ಹೊಡೆದರೂ ತಪ್ಪಿ ಹೊಡೆದರೂ ಸದ್ದು ಹೆಚ್ಚುಕಡಿಮೆ ಒಂದೇ. ಹಳೇ ಹಿತ್ತಾಳೆ, ಕಂಚು ಹಾಗಲ್ಲ. ಒಂದೊಂದು ಹೊಡೆತಕ್ಕೂ ಒಂದೊಂದು ಸದ್ದು. ನಾನು ಬೆಂಗಳೂರಲ್ಲಿ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದಾಗ ಹಿರಿಯ ಕ್ಯಾಡಿಯೊಬ್ಬರು (ಆಟಗಾರರ ಚೀಲ ಹೊರುವವರು) ಆಟಗಾರರಿಗೆ ಬೆನ್ನು ಮಾಡಿ ನಿಂತು, ಸದ್ದು ಕೇಳಿಯೇ ‘ಸಾಲಲ್ಲ’ ಎಂದುಬಿಡುತ್ತಿದ್ದರು. ಚೆಂಡು ನಿಜವಾಗಿಯೂ ಕುಳಿಗೆ ಮುಂಚೆಯೇ ನಿಲ್ಲುತ್ತಿತ್ತು. ಅವರು ಆಡಿ ಬೆಳೆದದ್ದು ಇಂಥದ್ದೇ ಪಟ್ಟರ್‌ಗಳಲ್ಲಿ. ಕಲಿಯುವವನಿಗೆ ಹೊಡೆದ ತಕ್ಷಣ ತಪ್ಪು ಗೊತ್ತಾಗುವುದಕ್ಕಿಂತ ಬೇರೆ ಏನು ಬೇಕು?

ಆದರೆ ಅಳಿಯಂದಿರ ಮಾತಲ್ಲೂ ಸತ್ಯ ಇದೆ, ಅದನ್ನು ಮುಚ್ಚಿಡಬಾರದು. ಕೈ ಸ್ವಲ್ಪ ನಡುಗುವವರಿಗೆ, ತಿಂಗಳಿಗೊಮ್ಮೆ ಆಡುವವರಿಗೆ ಈಗಿನ ದಪ್ಪ ಮ್ಯಾಲೆಟ್ ಪಟ್ಟರ್‌ಗಳು ಒಳ್ಳೆಯವು. ಹೆಡ್ ಅಷ್ಟಾಗಿ ತಿರುಗುವುದಿಲ್ಲ, ಗುರಿ ಹಿಡಿಯಲು ಗೆರೆಗಳಿರುತ್ತವೆ. ಹಳೇ ಪಟ್ಟರ್‌ಗಳ ಇನ್ನೊಂದು ತೊಡಕು ತೂಕ. ಆಗ ಗ್ರೀನ್‌ಗಳ ಹುಲ್ಲು ಇಷ್ಟು ಗಿಡ್ಡ ಇರುತ್ತಿರಲಿಲ್ಲ. ಚೆಂಡು ನಿಧಾನ ಓಡುತ್ತಿತ್ತು. ಮಣಿಕಟ್ಟಿನಿಂದ ತಟ್ಟಿ ಹೊಡೆಯುತ್ತಿದ್ದರು. ಹೆಡ್ ಹಗುರವಾಗಿರುತ್ತಿತ್ತು, ಮುಖ ಸ್ವಲ್ಪ ಜಾಸ್ತಿ ಮೇಲಕ್ಕೆ ವಾಲಿರುತ್ತಿತ್ತು. ಈಗಿನ ನುಣುಪಾದ ಗ್ರೀನ್ ಮೇಲೆ ಹಗುರ ಹೆಡ್ಡನ್ನು ಒಂದೇ ಸಮ ಬೀಸುವುದು ಕಷ್ಟ. ಇದಕ್ಕೆ ಸುಲಭದ ದಾರಿ ಇದೆ. ಅಂಟಿಸುವ ಸೀಸದ ಪಟ್ಟಿ ಸಿಗುತ್ತದೆ, ಹೆಡ್ಡಿನ ಅಡಿಗೆ ಅಂಟಿಸಿ. ಆಟ ಶುರುವಾಗುವ ಮುಂಚೆ ಅಂಟಿಸಿದರೆ ನಿಯಮದ ತಕರಾರಿಲ್ಲ. ಆಟದ ನಡುವೆ ಅಂಟಿಸುವುದು, ಕೀಳುವುದು ಮಾತ್ರ ಕೂಡದು.

ಸ್ಪರ್ಧೆಯಲ್ಲಿ ಬಳಸಬಹುದಾ ಎಂಬ ಅನುಮಾನವೂ ನಿಮಗಿರಬಹುದು. ಬಳಸಬಹುದು. ಬಳಕೆಯಿಂದ ಸವೆದ ಕ್ಲಬ್ ಎಂಬ ಕಾರಣಕ್ಕೆ ಅದು ನಿಯಮಕ್ಕೆ ಹೊರತಾಗುವುದಿಲ್ಲ. ಎರಡೂ ಕಡೆ ಹೊಡೆಯುವ ಮುಖ ಇದ್ದರೂ ಸರಿ. ಎರಡೂ ಮುಖ ಒಂದೇ ತರಹ ಇದ್ದರಾಯಿತು.

ಇದಾದ ಮೇಲೆ ನೀವು ಇನ್ನೊಂದು ಹಳೇ ಪಟ್ಟರ್ ಹುಡುಕಿಕೊಂಡು ಹೋಗುತ್ತೀರಿ, ಅದು ನನಗೆ ಗೊತ್ತು. ಹೋದಾಗ ಮೊದಲು ಶಾಫ್ಟ್, ಅಂದರೆ ಹೆಡ್ಡಿಗೂ ಹಿಡಿಗೂ ನಡುವಿನ ಕೊಳವೆ ನೋಡಿ. ಕಣ್ಣಿಗೆ ಹಿಡಿದು ಉದ್ದಕ್ಕೂ ನೇರ ಇದೆಯಾ ನೋಡಿ. ಗ್ರಿಪ್ ಹತ್ತಿರ ಮತ್ತು ಹೆಡ್ಡಿಗೆ ಸೇರುವ ಕಡೆ ತುಕ್ಕು ಹಿಡಿದಿರುತ್ತದೆ, ಉಗುರಿನಿಂದ ಕೆರೆದು ನೋಡಿ. ಮೇಲಿನ ತುಕ್ಕು ಪರವಾಗಿಲ್ಲ, ಗುಂಡಿ ಬಿದ್ದಿದ್ದರೆ ಬೇಡ. ಹೆಡ್ಡನ್ನು ಹಿಡಿದು ಮೆಲ್ಲಗೆ ತಿರುಚಿ. ಟಿಕ್ ಟಿಕ್ ಸದ್ದು ಬಂದರೆ ಅಂಟು ಬಿಟ್ಟಿದೆ ಎಂದರ್ಥ, ಬೆಲೆ ಇಳಿಸಿ ಕೇಳಿ. ಗ್ರಿಪ್ ಬಿರುಕು ಬಿಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಹೊಸದು ಹಾಕಿಸಬಹುದು. ಹೊಡೆಯುವ ಮುಖದ ಮೇಲೆ ಆಳದ ಗಾಯ ಇರಬಾರದು, ಅಂಚಿನ ಗಾಯಕ್ಕೆ ಆಟದಲ್ಲಿ ಬೆಲೆಯಿಲ್ಲ. ಹಳೇ ಪಿಂಗ್ ಪಟ್ಟರ್‌ಗಳ ಮೇಲೆ ‘ಸ್ಕಾಟ್ಸ್‌ಡೇಲ್’ ಎಂಬ ಊರಿನ ಹೆಸರಿದ್ದರೆ ಸಂಗ್ರಹಕಾರರು ಜಾಸ್ತಿ ದುಡ್ಡು ಕೇಳುತ್ತಾರೆ. ಅದು ಆರಂಭದ ವರ್ಷಗಳ ಗುರುತು. ಅದೇ ಹೆಸರಿಟ್ಟು ಈಚೆಗೂ ಕೆಲವು ಪಟ್ಟರ್ ಬಂದಿವೆ, ಹಾಗಾಗಿ ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಆಡುವುದಕ್ಕಾದರೆ ಫೀನಿಕ್ಸ್ ಎಂದು ಕೆತ್ತಿರುವ ಮುಂದಿನ ವರ್ಷಗಳದ್ದೇ ಸಾಕು, ಆಟದಲ್ಲಿ ಏನೂ ಕಮ್ಮಿ ಇಲ್ಲ. ಸ್ಕಾಟಿ ಕ್ಯಾಮೆರಾನ್ ಹೆಸರಲ್ಲಿ ನಕಲಿ ಬಹಳ ಓಡಾಡುತ್ತದೆ. ಬೆಲೆ ತೀರಾ ಕಮ್ಮಿ ಅನ್ನಿಸಿದರೆ ಮುಟ್ಟಬೇಡಿ.

ಬೆಲೆ ಎಂದಾಗ ಅಮೆರಿಕದ ಆಟಗಾರ ಬೆನ್ ಕ್ರೆನ್ಶಾ ನೆನಪಾಗುತ್ತಾರೆ. ಹದಿಹರೆಯದಲ್ಲಿ ಅಪ್ಪ ಅವರಿಗೆ ಒಂದು ವಿಲ್ಸನ್ 8802 ಪಟ್ಟರ್ ಕೊಡಿಸಿದರು. ಬೆಲೆ 20 ಡಾಲರ್. ಅದಕ್ಕೆ ‘ಲಿಟಲ್ ಬೆನ್’ ಎಂದು ಹೆಸರಾಯಿತು. ಅದರಲ್ಲೇ 1984ರ ಮಾಸ್ಟರ್ಸ್ ಗೆದ್ದರು. 1987ರಲ್ಲಿ ಅಮೆರಿಕ ಮತ್ತು ಯುರೋಪ್ ತಂಡಗಳ ನಡುವಿನ ರೈಡರ್ ಕಪ್‌ನಲ್ಲಿ ಒಂದು ಪಟ್ ತಪ್ಪಿದ ಬೇಸರಕ್ಕೆ ಆ ಪಟ್ಟರ್ ಮುರಿದುಹೋಯಿತು. ಉಳಿದ ಆಟವನ್ನು ಐರನ್, ವೆಡ್ಜ್ ಹಿಡಿದೇ ಪಟ್ ಮಾಡಿ ಮುಗಿಸಿದರು, ಪಂದ್ಯ ಸೋತರು. ಪಟ್ಟರ್ ರಿಪೇರಿ ಮಾಡಿಸಿ ಮತ್ತೆ ಇಟ್ಟುಕೊಂಡರು. ಎಷ್ಟು ಹೊಸ ಪಟ್ಟರ್ ಬೇಕಾದರೂ ಉಚಿತವಾಗಿ ಸಿಗುತ್ತಿದ್ದ ಮನುಷ್ಯ ಅವರು!

ಹುಣಸೆಹಣ್ಣಿನ ವಿಚಾರ. ದೀಪಕ್ಕೆ, ಕೊಡಕ್ಕೆ ಸರಿ, ಪಟ್ಟರ್‌ಗೆ ಬೇಡ. ಬಿಸಿಲಲ್ಲಿ ನಿಂತು ಕೆಳಗೆ ನೋಡಿದಾಗ ಹೊಳೆಯುವ ಹಿತ್ತಾಳೆ ಕಣ್ಣು ಕೋರೈಸುತ್ತದೆ. ಮಂಕು ಬಣ್ಣವೇ ಆಟಕ್ಕೆ ಅನುಕೂಲ. ಮುಂದೆ ಮಾರುವುದಾದರೆ ಉಜ್ಜಿದ ಪಟ್ಟರ್‌ಗೆ ಬೆಲೆಯೂ ಕಮ್ಮಿ. ಸೋಪಿನ ನೀರು, ಹಳೇ ಟೂತ್ ಬ್ರಷ್, ಒಣಬಟ್ಟೆ ಇಷ್ಟು ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಹಳೇ ಪಿಂಗ್ ಪಟ್ಟರ್‌ಗಳಲ್ಲಿ ಕೆಲವನ್ನು ಬೆರಿಲಿಯಂ ತಾಮ್ರದಲ್ಲಿ ಮಾಡಿದ್ದಾರೆ. ಹಿಡಿದು ಆಡಲು ಏನೂ ತೊಂದರೆ ಇಲ್ಲ. ಅರ ಹಾಕಿದರೆ, ಮರಳು ಕಾಗದದಲ್ಲಿ ಉಜ್ಜಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ಅಪಾಯ. ಲೇತ್ ಅಂಗಡಿಗೆ ಕೊಟ್ಟು ಪಾಲಿಶ್ ಮಾಡಿಸುವುದಂತೂ ಬೇಡವೇ ಬೇಡ. ಆ ಅಂಗಡಿಯ ಹುಡುಗನ ಆರೋಗ್ಯದ ಪ್ರಶ್ನೆ ಅದು.

ಊರಲ್ಲಿ ಮೈದಾನವಿಲ್ಲ ಎಂದು ಬೇಸರಪಟ್ಟಿದ್ದೀರಿ. ಡ್ರೈವರ್ ಹಿಡಿದವನಿಗೆ ಅದು ದೊಡ್ಡ ಕೊರತೆ. ಪಟ್ಟರ್ ಹಿಡಿದವನಿಗೆ ಹಜಾರ ಸಾಕು. ಟೈಲ್ಸ್ ನೆಲ ತೀರಾ ಜಾರುತ್ತದೆ, ಬರಿ ನೆಲದಲ್ಲಿ ಬೇಡ. ಜಮಖಾನ ಹಾಸಿದರೆ ಚೆನ್ನಾಗಿ ಓಡುವ ಗ್ರೀನ್ ಆಯಿತು. ಚಳ್ಳಕೆರೆ ಕಂಬಳಿ ಹಾಸಿದರೆ ಮಳೆಗಾಲದ ನಿಧಾನ ಗ್ರೀನ್. ಎರಡರಲ್ಲೂ ಒಂದೇ ಪಟ್ಟರ್‌ನಲ್ಲಿ ಆಡಿ ನೋಡಿ, ಬಲದ ಅಂದಾಜು ಎಷ್ಟು ಬೇಗ ಕೈಗೆ ಬರುತ್ತದೆ ಅಂತ. ಕುಳಿಯ ಅಗಲ 108 ಮಿಲಿಮೀಟರ್. ನೀವು ಒಂದು ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಅದರ ಬಾಯಿ ಇದಕ್ಕಿಂತ ಚಿಕ್ಕದು. ಮೂರು ಅಡಿಯಿಂದ ಲೋಟದೊಳಗೆ ಹಾಕಲು ಬಂತು ಎಂದರೆ ನಿಜವಾದ ಕುಳಿ ದೊಡ್ಡದಾಗಿ ಕಾಣುತ್ತದೆ. ಹೊಡೆದ ಮೇಲೆ ಚೆಂಡಿನ ಕಡೆ ನೋಡಬೇಡಿ, ಸದ್ದು ಕೇಳಿ. ನಡುವೆ ತಾಗಿತಾ ಇಲ್ಲವಾ ಎಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ತಲೆ ಎತ್ತಿ. ಈ ಅಭ್ಯಾಸಕ್ಕೆ ನಿಮ್ಮ ಬುಲ್ಸ್ ಐಗಿಂತ ಒಳ್ಳೇ ಪಟ್ಟರ್ ಇಲ್ಲ. ಮನೆಯವರಿಗೂ ಒಮ್ಮೆ ಕೈಗೆ ಕೊಟ್ಟು ನೋಡಿ. ಗುಜರಿ ಮಾತು ಅಲ್ಲಿಗೇ ನಿಲ್ಲಬಹುದು.

ಕೊನೆಗೆ ಮೊಮ್ಮಗ. ಕತ್ತರಿಸಬೇಡಿ. ಶಾಫ್ಟ್ ಗಿಡ್ಡವಾದರೆ ಮೊದಲೇ ಹಗುರ ಇರುವ ಹೆಡ್ ಕೈಗೆ ಇನ್ನೂ ಹಗುರ ಅನ್ನಿಸುತ್ತದೆ, ಪಟ್ಟರ್ ಕೆಟ್ಟಂತೆಯೇ. ಸದ್ಯಕ್ಕೆ ಅವನು ಗ್ರಿಪ್ಪಿನ ಕೆಳಗೆ ಹಿಡಿದು ಆಡಲಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅವನನ್ನೂ ಕರೆದುಕೊಂಡು ಹೋಗಿ. ಹೆಸರು ಗೊತ್ತಿಲ್ಲದ ಕಂಪನಿಯದ್ದಾದರೂ ಸರಿ, ತುದಿಗೆ ತೂಕ ಇರುವ ಹಳೇ ಪಟ್ಟರ್ ಒಂದನ್ನು ಅವನೇ ಆರಿಸಲಿ. ಕತ್ತರಿಸುವುದಿದ್ದರೆ ಅದನ್ನು ಕತ್ತರಿಸಿ, ಅಡಿಗೆ ಸೀಸದ ಪಟ್ಟಿ ಅಂಟಿಸಿಕೊಡಿ.