ಪ್ಯಾನೆಲ್ ಚಿತ್ರ ತೆಗೆದರೂ ಎರಡು ದಿನಗಳ ಎನ್‌ಡಿವಿಐ ಏಕೆ ಹೊಂದುತ್ತಿಲ್ಲ?

ಸಿದ್ದಾಪುರದ ಬಳಿಯ ನಿಮ್ಮ ರೊಬಸ್ಟಾ ತೋಟದ ಮೇಲೆ ಒಂದೇ ವಾರದಲ್ಲಿ ಎರಡು ಸಲ ಡ್ರೋನ್ ಹಾರಿಸಿದ್ದೀರಿ. ಎನ್‌ಡಿವಿಐ ಎಂದರೆ ಗಿಡದ ಹಸಿರನ್ನು ಸೂಚಿಸುವ ಅಂಕಿ; ಗಿಡದಿಂದ ಹಿಂದಿರುಗುವ ಅವಗೆಂಪು (ಕೆಂಪಿನಾಚೆಯ, ಕಣ್ಣಿಗೆ ಕಾಣದ) ಬೆಳಕಿನ ಪಾಲಿನಿಂದ ಕೆಂಪು ಬೆಳಕಿನ ಪಾಲನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಮೊದಲ ದಿನ 0.78 ಇದ್ದ ಸರಾಸರಿ ಎನ್‌ಡಿವಿಐ ಎರಡನೆಯ ದಿನ 0.73ಕ್ಕೆ ಇಳಿದಿದೆ, ಎರಡೂ ದಿನ ಪ್ಯಾನೆಲ್‌ನ (ಬೆಳಕನ್ನು ಅಳೆಯಲು ನೆಲದ ಮೇಲಿಡುವ ಬೂದು ಫಲಕದ) ಚಿತ್ರ ತೆಗೆದಿರುವುದರಿಂದ ಕ್ಯಾಮೆರಾ ಕೆಟ್ಟಿರಬಹುದೇ ಎಂದು ಕೇಳಿದ್ದೀರಿ. ಕ್ಯಾಮೆರಾವನ್ನು ದೂರುವ ಮೊದಲು ನೀವೇ ಬರೆದಿರುವ ಇನ್ನೊಂದು ಸಂಗತಿಯನ್ನು ನೋಡಬೇಕು. ಮೊದಲ ದಿನ ಕಾಫಿ ಕಣದಿಂದ ಹಾರಿಸಿದ್ದೀರಿ, ಎರಡನೆಯ ದಿನ ತೋಟದೊಳಗಿನ ದಾರಿಯಿಂದ. ಪ್ಯಾನೆಲ್ ಅನ್ನೂ ಆಯಾ ಜಾಗದಲ್ಲೇ ಇಟ್ಟಿರಬೇಕು. ನನ್ನ ಅನುಮಾನವೆಲ್ಲ ಆ ದಾರಿಯ ಮೇಲೆಯೇ.

ಕ್ಯಾಮೆರಾ ದಾಖಲಿಸುವುದು ಬರಿಯ ಅಂಕಿಗಳನ್ನು. ಅವುಗಳಿಂದ ಕಪ್ಪು ಮಟ್ಟವನ್ನು (ಬೆಳಕೇ ಇಲ್ಲದಾಗಲೂ ಬರುವ ಅಂಕಿಯನ್ನು) ಕಳೆದು, ಎಕ್ಸ್‌ಪೋಷರ್ (ಬೆಳಕಿಗೆ ತೆರೆದಿಟ್ಟ ಅವಧಿ) ಮತ್ತು ಗೇನ್‌ಗಳನ್ನು (ಸಂಕೇತವನ್ನು ಹಿಗ್ಗಿಸಿದ ಪ್ರಮಾಣ) ಲೆಕ್ಕಕ್ಕೆ ತಂದು, ಲೆನ್ಸಿನ ಅಂಚುಗಳಲ್ಲಿ ಬೆಳಕು ಕುಗ್ಗುವುದನ್ನು ಸರಿಪಡಿಸುವ ಕೆಲಸವನ್ನು ಸಾಫ್ಟ್‌ವೇರ್ ಚಿತ್ರದ ಮೆಟಾಡೇಟಾ ನೋಡಿಕೊಂಡು ಮಾಡುತ್ತದೆ. ಇಷ್ಟಾದರೂ ಗಿಡದಿಂದ ಬಂದ ಬೆಳಕೆಷ್ಟು ಎಂಬುದು ತಿಳಿಯುತ್ತದೆಯೇ ಹೊರತು ಗಿಡದ ಮೇಲೆ ಬಿದ್ದದ್ದೆಷ್ಟು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಸುವುದಕ್ಕಾಗಿಯೇ ಪ್ಯಾನೆಲ್ ಇರುವುದು. ಪ್ರತಿ ಬ್ಯಾಂಡಿನಲ್ಲಿ, ಅಂದರೆ ಕ್ಯಾಮೆರಾ ಬೇರೆಬೇರೆಯಾಗಿ ಅಳೆಯುವ ಪ್ರತಿಯೊಂದು ಬಗೆಯ ಬೆಳಕಿನಲ್ಲಿ, ಅದರ ಪ್ರತಿಫಲನವನ್ನು (ಬಿದ್ದ ಬೆಳಕಿನಲ್ಲಿ ಹಿಂದಿರುಗುವ ಪಾಲನ್ನು) ಪ್ರಯೋಗಾಲಯದಲ್ಲಿ ಅಳೆದು ಕೊಟ್ಟಿರುತ್ತಾರೆ. ಆದರೆ ಪ್ಯಾನೆಲ್ ಮೇಲೆ ಬಿದ್ದ ಬೆಳಕೂ ತೋಟದ ನೆತ್ತಿಯ ಮೇಲೆ ಬಿದ್ದ ಬೆಳಕೂ ಒಂದೇ ಬಗೆಯದಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ನೆರಳು ಮರಗಳ ಕೆಳಗೆ ಅದು ಒಂದೇ ಬಗೆಯದಾಗಿರುವುದಿಲ್ಲ. ಎಲೆಯು ಕೆಂಪು ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅವಗೆಂಪು ಬೆಳಕನ್ನಾದರೋ ಅಷ್ಟಾಗಿ ಹೀರದೆ, ಒಂದಷ್ಟನ್ನು ಹಿಂದಕ್ಕೆ ಚಿಮ್ಮಿಸಿ ಇನ್ನೊಂದಷ್ಟನ್ನು ಕೆಳಕ್ಕೆ ಬಿಟ್ಟುಬಿಡುತ್ತದೆ. ಹಾಗಾಗಿ ಸಿಲ್ವರ್ ಓಕ್, ಹಾಲುವಾಣಗಳ ಅಡಿಯಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಇಟ್ಟ ಪ್ಯಾನೆಲ್ ಮೇಲೆ ಕೆಂಪಿಗೆ ಹೋಲಿಸಿದರೆ ಅವಗೆಂಪು ಬೆಳಕು ಹೆಚ್ಚಾಗಿ ಬೀಳುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಪ್ಯಾನೆಲ್ ಬೂದು ಬಣ್ಣದ್ದಾಗಿಯೇ ತೋರುತ್ತದೆ. ತೋಟದ ನಿಜವಾದ ಪ್ರತಿಫಲನ ಕೆಂಪಿನಲ್ಲಿ 0.05, ಅವಗೆಂಪಿನಲ್ಲಿ 0.40 ಎಂದಿಟ್ಟುಕೊಳ್ಳಿ, ಎನ್‌ಡಿವಿಐ 0.78 ಆಗುತ್ತದೆ. ಪ್ಯಾನೆಲ್ ಮೇಲೆ ಅವಗೆಂಪು ಬೆಳಕಿನ ಪಾಲು ಶೇಕಡಾ 25ರಷ್ಟು ಹೆಚ್ಚಿದ್ದರೆ ಅವಗೆಂಪಿನ ಪ್ರತಿಫಲನ 0.32 ಎಂದು ಲೆಕ್ಕಕ್ಕೆ ಬರುತ್ತದೆ, ಎನ್‌ಡಿವಿಐ 0.73ಕ್ಕೆ ಇಳಿಯುತ್ತದೆ. ನಿಮ್ಮ ಅಂಕಿಗಳಿಗೆ ಸರಿಹೊಂದಲೆಂದೇ ಈ ಉದಾಹರಣೆಯನ್ನು ಆರಿಸಿದ್ದೇನೆ, ಆದರೂ ಇಂತಹ ವ್ಯತ್ಯಾಸ ಅಸಹಜವೇನಲ್ಲ.

ಮೋಡದ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ಬೆಳಕು ಎಲ್ಲ ಬ್ಯಾಂಡುಗಳಲ್ಲೂ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಎನ್‌ಡಿವಿಐ ಬದಲಾಗುವುದಿಲ್ಲ, ಏಕೆಂದರೆ ಅದು ಅನುಪಾತ. ನಮ್ಮ ಜಿಲ್ಲೆಯಲ್ಲಿ ಬಿಸಿಲೂ ಮೋಡವೂ ಕಣ್ಣಾಮುಚ್ಚಾಲೆಯಾಡುವ ಹೊತ್ತಿಗಿಂತ ಇಡೀ ಆಕಾಶ ಒಂದೇ ಸಮನೆ ಮುಚ್ಚಿರುವ ಹೊತ್ತೇ ಹಾರಾಟಕ್ಕೆ ಮೇಲೆಂಬುದು ನನ್ನ ಅಭಿಪ್ರಾಯ. ಡ್ರೋನಿನ ನೆತ್ತಿಯಲ್ಲಿರುವ ಬೆಳಕಿನ ಸಂವೇದಕವು ಹಾರಾಟದ ನಡುವಿನ ಏರಿಳಿತವನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ ನಿಜ, ಆದರೆ ಡ್ರೋನ್ ವಾಲಿದಾಗ ಅದೂ ವಾಲುತ್ತದೆ. ಅಲ್ಲದೆ ಡ್ರೋನ್ ಬಿಸಿಲಿನಲ್ಲಿದ್ದು ಕೆಳಗಿನ ಗಿಡಗಳು ಮೋಡದ ನೆರಳಿನಲ್ಲಿರುವುದೂ ಉಂಟು.

ಇನ್ನು ಮುಂದೆ ಪ್ಯಾನೆಲ್ ಅನ್ನು ಕಣದ ನಡುವೆ, ಗೋಡೆ ಮರಗಳಿಂದ ದೂರದಲ್ಲಿ ಸಮತಟ್ಟಾಗಿ ಇಟ್ಟು, ನಿಮ್ಮ ನೆರಳಾಗಲಿ ಡ್ರೋನಿನ ನೆರಳಾಗಲಿ ಅದರ ಮೇಲೆ ಬೀಳದಂತೆ, ಹಾರಾಟಕ್ಕೆ ಮೊದಲೂ ಇಳಿದ ಮೇಲೂ ಚಿತ್ರ ತೆಗೆಯಿರಿ. ಯಾವ ಬ್ಯಾಂಡಿನಲ್ಲೂ ಪ್ಯಾನೆಲ್ ಅತಿಯಾಗಿ ಬೆಳಗಿ ಅಂಕಿ ಗರಿಷ್ಠ ಮಿತಿಯನ್ನು ಮುಟ್ಟಿರಬಾರದು. ಪ್ಯಾನೆಲ್ ಬದಲು ಬಿಳಿ ಕಾಗದ ಸಾಲದೇ ಎಂದು ಕೆಲವರು ಕೇಳುತ್ತಾರೆ; ಸಾಲದು.

ಎರಡನೆಯ ದಿನದ ಚಿತ್ರಗಳನ್ನು ಎಸೆಯಬೇಕಾಗಿಲ್ಲ. ನಿಮ್ಮ ಸಿಮೆಂಟ್ ಕಣ ಎರಡೂ ದಿನದ ಚಿತ್ರಗಳಲ್ಲಿ ಬಂದಿದ್ದರೆ, ಕಾಫಿ ಹರಡದ, ನೀರು ನಿಲ್ಲದ, ನೆರಳು ಬೀಳದ ಒಂದು ಮೂಲೆಯನ್ನು ಆರಿಸಿಕೊಂಡು ಅಲ್ಲಿ ಅವಗೆಂಪು ಪ್ರತಿಫಲನವನ್ನು ಕೆಂಪು ಪ್ರತಿಫಲನದಿಂದ ಭಾಗಿಸಿ ನೋಡಿ. ಒಣ ಸಿಮೆಂಟಿನಲ್ಲಿ ಈ ಅನುಪಾತ ಒಂದು ವಾರದಲ್ಲಿ ಬದಲಾಗಲು ಕಾರಣವಿಲ್ಲ. ಎರಡನೆಯ ದಿನದ್ದು ಮೊದಲ ದಿನದ್ದರ 0.8ರಷ್ಟಿದ್ದರೆ ಆ ದಿನದ ಅವಗೆಂಪು ಬ್ಯಾಂಡನ್ನು 1.25ರಿಂದ ಗುಣಿಸಿ ಎನ್‌ಡಿವಿಐಯನ್ನು ಮತ್ತೆ ಲೆಕ್ಕ ಹಾಕಿ. ಎರಡೂ ದಿನದ ಅನುಪಾತ ಒಂದೇ ಬಂದರೆ ನನ್ನ ಅನುಮಾನ ತಪ್ಪು. ಆಗ ಒಂದು ದಿನ ಬಿಸಿಲು, ಇನ್ನೊಂದು ದಿನ ಮೋಡವಿತ್ತೇ ಎಂಬುದನ್ನು ತಿಳಿಸಿ, ಏಕೆಂದರೆ ಮರಗಳ ನಡುವಿನ ನೆರಳು ಬದಲಾದರೆ ಪ್ಯಾನೆಲ್‌ನ ಲೆಕ್ಕ (ಕ್ಯಾಲಿಬ್ರೇಶನ್) ಸರಿಯಿದ್ದರೂ ಎನ್‌ಡಿವಿಐ ಬದಲಾಗಬಹುದು.